ಹಾಡು ಕೇಳಲಿಕ್ಕೆ ಬರುವವರಿಗೆ

ಗುಣಾತ್ಮಕ ಸಂಶೋಧನೆ ಅಂತ ಹೆಸರು ಹೇಳಿ ನಮ್ಮ ಅಕ್ಕಲಕೋಟ ಸೀಮೆಗೆ ಬರುವ ಕಾಲೇಜು ಮಂದಿ ಮ್ಯಾಲೆ ನನ್ನದೊಂದು ತಕರಾರು ಅದ. ಇದು ಅಂಕಿ ಲೆಕ್ಕ ಅಲ್ಲ, ಮಂದಿಯ ಬದುಕನ್ನು ಅವರ ಮಾತಿನಾಗೇ ತಿಳಕೊಳ್ಳೋದು ಅಂತಾರ. ಮಾತು ಛಲೋ ಅದ. ಆದರ ಬರೋದು ದೀಪಾವಳಿ ಸೂಟಿಯಾಗ, ಇರೋದು ಒಂದು ದಿನ. ಪ್ರಶ್ನೆ ಎಲ್ಲಾ ಮನಿಯಾಗೇ ಬರಕೊಂಡು ಬಂದಿರತಾರ.

ಹಂತಿ ಪದ ಬೇಕಾದವರು ಜ್ವಾಳದ ಸುಗ್ಗಿಯಾಗ ಬರಬೇಕು. ಈಗ ಮಷೀನಿನಿಂದ ರಾಶಿ ಆಗತದ, ಎತ್ತು ಕಟ್ಟಿ ಹಂತಿ ಹೊಡೆಯೋರು ಇಲ್ಲ, ಖರೆ. ಆದರೂ ಸುಗ್ಗಿಯಾಗ ಕಣದ ಮಗ್ಗಲು ಕೂತರ ಮುದುಕರ ಬಾಯಾಗ ಪದ ತಾನೇ ಬರತದ. ಕುರ್ಚಿ ಮ್ಯಾಲೆ ಕೂಡಿಸಿ ಮೊಬೈಲ್ ಮುಂದ ಹಿಡಿದರ ಎರಡು ನುಡಿಗೆ ನಿಲ್ಲತದ. ಇವರು ‘ಪದ ಮರೆತಾರ’ ಅಂತ ಬರಕೋತಾರ! ಮರೆತಿಲ್ಲರೀ, ನೀವು ಕೇಳಿದ ಹೊತ್ತು ತಪ್ಪಿತ್ತು.

ಬೀಸುವ ಪದದ ಗತಿ ಇನ್ನೂ ಕೆಟ್ಟದ್ದು. ಹೆಣ್ಣುಮಕ್ಕಳ ಹಾಡಿನ ವಿಚಾರ ಕಟ್ಟಿ ಮ್ಯಾಲೆ ಕೂತ ಗಂಡಸರಿಗೆ ಕೇಳತಾರ. ತ್ರಿಪದಿ ಅಂದರ ಮೂರು ಸಾಲು ಅಂತ ಪುಸ್ತಕದಾಗ ಓದಿರತಾರ. ಹಾಡುವಾಗ ಎರಡನೇ ಸಾಲು ಮತ್ತೊಮ್ಮೆ ತಿರುಗಿ ಬಂದು ಆಮ್ಯಾಲೆ ಮೂರನೇದು. ಬೀಸುಕಲ್ಲಿಗೆ ಇಬ್ಬರು ಎದುರುಬದುರು ಕೂತಾಗ ಒಬ್ಬಾಕಿ ಬಿಟ್ಟ ಸಾಲನ್ನು ಇನ್ನೊಬ್ಬಾಕಿ ಹಿಡಿಯೋದು ಅಲ್ಲೇ. ಇವರು ಅದನ್ನ ‘ಹೇಳಿದ್ದೇ ಹೇಳ್ಯಾರ’ ಅಂತ ಹೊಡೆದು ಹಾಕತಾರ. ಜೋಡಿ ಕೂತಾಕಿಯನ್ನೇ ಎಬ್ಬಿಸಿ ಕಳಿಸಿದಂಗ ಆತಲ್ಲ?

ಸಂಶೋಧಕ ದೂರ ನಿಂತು ನೋಡಬೇಕು, ಹತ್ತಿರ ಆದರ ಪಕ್ಷಪಾತ ಆಗತದ ಅನ್ನೋರೂ ಇದ್ದಾರ. 1931ರಾಗ ‘ಗರತಿಯ ಹಾಡು’ ಹೊರಗ ತಂದ ಹಲಸಂಗಿ ಗೆಳೆಯರು, ಆ ಮಧುರಚೆನ್ನ, ಸಿಂಪಿ ಲಿಂಗಣ್ಣ, ಅವರೇನು ದೂರದವರೇನು? ಭೀಮಾ ಹೊಳಿಯ ಆಚಿ ದಂಡಿ ಸೀಮೆಯವರು, ಆ ಹಾಡಿನ ನಡುವೇ ಬೆಳೆದವರು. ಆ ಪುಸ್ತಕ ಇವತ್ತಿಗೂ ಮಂದಿ ಹುಡುಕಿ ಓದತಾರ. ಹೊರಗಿನವರು ಬರಬಾರದು ಅಂತಲ್ಲ. ಬಂದವರು ಒಂದು ಸುಗ್ಗಿಯಾದರೂ ಇರಲಿ.

ಇನ್ನು ಆ ಸಹಿ ಕಾಗದ. ಇಂಗ್ಲಿಷಿನಾಗ ಇರತದ. ಏನು ಬರದದ ಓದಿ ಹೇಳ್ರಿ ಅಂದರ ‘ಅದು ಬರೇ ರೂಢಿ, ಅಜ್ಜಾ’ ಅಂತಾರ. ರೂಢಿ ಇದ್ದರ ಕನ್ನಡದಾಗ ಬರಕೊಂಡು ಬರ್ರಿ. ಪದ ಯಾರ ಹೆಸರಿನ ಮ್ಯಾಲೆ ಅಚ್ಚಾಗತದ, ಎಲ್ಲಿ ಆಗತದ, ಬ್ಯಾಡ ಅಂದರ ತಗೀತೀರೋ ಇಲ್ಲೋ, ಇಷ್ಟು ತಿಳಿದರ ನಾವೂ ಖುಷಿಯಿಂದ ಸಹಿ ಮಾಡತೇವಿ. ಬರೆದದ್ದನ್ನು ಅಚ್ಚಿಗೆ ಕೊಡೋ ಮೊದಲು ಹಾಡಿದಾಕಿ ಮುಂದ ಓದ್ರಿ, ತಪ್ಪಿದ್ದರ ಆಕಿ ತಿದ್ದತಾಳ. ಪುಸ್ತಕ ಆದಮ್ಯಾಲೆ ಒಂದು ಪ್ರತಿ ಈ ವಾಚನಾಲಯಕ್ಕ ಬರಲಿ. ಇಷ್ಟು ವರ್ಷದಾಗ ಇಷ್ಟು ಮಂದಿ ಬಂದು ಹೋಗ್ಯಾರ, ನಮ್ಮ ಕಪಾಟಿನಾಗ ಅವರದೊಂದು ಹಾಳಿನೂ ಇಲ್ಲ.