ಮಾತ್ರೆ, ಪ್ರಮಾಣ, ಡೋಸ್: ಗೋಗಿಯ ಸಂದರ್ಭದಲ್ಲಿ ವಿಕಿರಣ ಪರಿಭಾಷೆಯ ಪ್ರಶ್ನೆ

ಶಹಾಪುರ ತಾಲ್ಲೂಕಿನ ಗೋಗಿ ಆದಿಲ್‌ಶಾಹಿ ಅರಸರ ಗೋರಿಗಳಿಂದ ಇತಿಹಾಸಾಸಕ್ತರಿಗೆ ಪರಿಚಿತವಾದ ಊರು. ಅಲ್ಲಿನ ಸುಣ್ಣಶಿಲೆ ಮತ್ತು ಅದರಡಿಯ ಗ್ರಾನೈಟ್‌ನಲ್ಲಿ ಯುರೇನಿಯಂ ನಿಕ್ಷೇಪ ದೊರೆತ ಮೇಲೆ ಆ ಹೆಸರು ಭೂವಿಜ್ಞಾನದ ಬರಹಗಳಿಗೂ ಸೇರಿತು. ಗಣಿಗಾರಿಕೆಯ ಪ್ರಸ್ತಾಪದ ಪರ ವಿರೋಧಗಳು ಬೇರೆಯೇ ಚರ್ಚೆ. ಆದರೆ ಆ ಚರ್ಚೆ ಯಾವ ಕನ್ನಡದಲ್ಲಿ ನಡೆಯಬೇಕು ಎಂಬುದು ಭಾಷಾ ವಿಭಾಗಗಳು ಎದುರಿಸಲೇಬೇಕಾದ ಪ್ರಶ್ನೆ.

2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯಂತೆ ಸಾರ್ವಜನಿಕ ಆಲಿಕೆಗೆ ಮುನ್ನ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿಯೂ ದೊರೆಯಬೇಕು. ಯಾದಗಿರಿ, ಶಹಾಪುರ, ಸುರಪುರಗಳ ರೈತನು ಅಂತಹ ಸಾರಾಂಶದಲ್ಲಿ 'ಮಾತ್ರೆ' ಎಂದು ಓದಿದರೆ ಗುಳಿಗೆ ನೆನಪಾಗುತ್ತದೆ. ಕನ್ನಡ ವಿದ್ಯಾರ್ಥಿಗೆ ಛಂದಸ್ಸು ನೆನಪಾಗುತ್ತದೆ. 'ಪ್ರಮಾಣ'ವು ಅಳತೆಯೂ ಹೌದು, ಆಣೆಯೂ ಹೌದು. 'ಡೋಸ್' ಎಂಬುದು ಲಸಿಕೆಯಿಂದಾಗಿ ಮನೆಮಾತಾಗಿದೆಯಾದರೂ ಅಲ್ಲಿ ಅದು ಕೊಟ್ಟದ್ದರ ಲೆಕ್ಕ; ವಿಕಿರಣದಲ್ಲಿ ದೇಹ ಪಡೆದುದರ ಲೆಕ್ಕ.

ಈ ಗೊಂದಲ ಕೇವಲ ಪದಗಳದ್ದಲ್ಲ. ದೇಹ ಹೀರಿದ ಶಕ್ತಿಯನ್ನು ಗ್ರೇಯಲ್ಲಿಯೂ, ಅದರ ಜೈವಿಕ ಹಾನಿಯ ತೂಕವನ್ನು ಸೀವರ್ಟ್‌ನಲ್ಲಿಯೂ ಅಳೆಯುತ್ತಾರೆ. ಗ್ಯಾಮಾ ಕಿರಣದ 1 ಮಿಲಿಗ್ರೇ 1 ಮಿಲಿಸೀವರ್ಟ್‌ಗೆ ಸಮ. ಸುಮಾರು 1 ಮಿಲಿಯನ್ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ನ್ಯೂಟ್ರಾನ್‌ಗಳ 1 ಮಿಲಿಗ್ರೇ ಸುಮಾರು 20 ಮಿಲಿಸೀವರ್ಟ್ ಆಗುತ್ತದೆ. ಸಾರ್ವಜನಿಕರಿಗೆ ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ ಸೂಚಿಸಿರುವ ವಾರ್ಷಿಕ ಮಿತಿ 1 ಮಿಲಿಸೀವರ್ಟ್. ಎರಡನ್ನೂ 'ಪ್ರಮಾಣ' ಎಂದೇ ಅನುವಾದಿಸಿದರೆ ಇಡೀ ದೇಹಕ್ಕೆ ತಗುಲಿದ ಇಪ್ಪತ್ತು ಪಟ್ಟು ಮಿತಿಮೀರಿಕೆ ಮಿತಿಯೊಳಗಿನದಾಗಿ ಕಾಣಬಹುದು. ಕಡಿಮೆ ಶಕ್ತಿಯ ನ್ಯೂಟ್ರಾನ್‌ಗಳಿಗೆ ಅದೇ ಆಯೋಗ 1990ರಲ್ಲಿ ನೀಡಿದ್ದ 5ರ ತೂಕಾಂಶ 2007ರ ಶಿಫಾರಸಿನಲ್ಲಿ ಸುಮಾರು 2.5ಕ್ಕೆ ಇಳಿಯಿತು. ಆದ್ದರಿಂದ ಯಾವ ವರ್ಷದ ತೂಕಾಂಶ ಎಂಬುದನ್ನೂ ಬರಹ ಹೇಳಬೇಕು.

ನ್ಯೂಟ್ರಾನ್ ಕಾಳಜಿ ಮುಖ್ಯವಾಗಿ ಕೈಗಾದಂತಹ ಸ್ಥಾವರಗಳದ್ದು. ಯುರೇನಿಯಂ ಗಣಿಯಲ್ಲಿ ರೇಡಾನ್ ಮತ್ತು ಅದರ ಸಂತತಿಯ ಆಲ್ಫಾ ಕಣಗಳೇ ಮುಖ್ಯ ಎಂಬ ಆಕ್ಷೇಪ ನ್ಯಾಯವಾದುದೇ. ಆದರೆ ಆಲ್ಫಾದ ತೂಕಾಂಶವೂ 20. ತೂಕಾಂಶವೆಂಬ ಕಲ್ಪನೆ ತಿಳಿಯದವನಿಗೆ ಗೋಗಿಯೂ ತಿಳಿಯದು, ಕೈಗಾವೂ ತಿಳಿಯದು.

ಇಂಗ್ಲಿಷ್ ಪದಗಳನ್ನೇ ಉಳಿಸಿಕೊಳ್ಳಬೇಕೆಂಬ ವಾದ ಅರ್ಧ ಸರಿ. ಗ್ರೇ, ಸೀವರ್ಟ್ ವ್ಯಕ್ತಿನಾಮಗಳಿಂದ ಬಂದ ಮಾನಗಳು. ಅವು ಹಾಗೆಯೇ ಇರಲಿ. ಅಳೆಯಲ್ಪಡುವ ಸಂಗತಿಗಳಿಗೆ ಮಾತ್ರ ಅರ್ಥ ಹೇಳುವ ಹೆಸರು ಬೇಕು. 'ಹೀರಿಕೆ ಡೋಸ್', 'ಸಮಾನ ಡೋಸ್', ಅಂಗಾಂಗಗಳ ಸೂಕ್ಷ್ಮತೆಯನ್ನೂ ಗಣಿಸುವ 'ಪರಿಣಾಮಿ ಡೋಸ್' ಎಂಬ ಮೂರು ಪದಗಳನ್ನು ಒಂದೇ ಅರ್ಥದಲ್ಲಿ ಎಲ್ಲೆಡೆ ಬಳಸಿದರೆ ಸಾಕು. ಹೆಸರಿನ ಸೊಗಸಿಗಿಂತ ಬಳಕೆಯ ಏಕರೂಪತೆ ಮುಖ್ಯ.

ಭೌತವಿಜ್ಞಾನಿ, ವೈದ್ಯ ಹಾಗೂ ಆ ಭಾಗದ ಆಡುನುಡಿ ಬಲ್ಲವರನ್ನು ಒಟ್ಟಿಗೆ ಕೂರಿಸಿ ಈ ಪಟ್ಟಿಯನ್ನು ಸಿದ್ಧಪಡಿಸುವುದು ಕನ್ನಡ ವಿಭಾಗಗಳ ಹೊಣೆ. ತನ್ನ ಬಾವಿಯ ನೀರಿನ ಬಗೆಗೆ ಒಪ್ಪಿಗೆ ಕೇಳಲ್ಪಡುವವನಿಗೆ, ತಾನು ಒಪ್ಪುತ್ತಿರುವುದು ಏನನ್ನು ಎಂದು ತಿಳಿಸುವ ಭಾಷೆಯೂ ದೊರೆಯಬೇಕು.