ಪರದೆಯ ಪಾಠವೂ ಬ್ಯೂರೆಟ್ಟಿನ ತೊಟ್ಟೂ

ಮರ್ಫಿ ಟೌನಿನ ಮನೆಯಲ್ಲಿಯೇ ಕುಳಿತು, ಮಣ್ಣಿನ ಪ್ರಯೋಗಶಾಲೆಯ ರಸಾಯನಜ್ಞರೊಬ್ಬರು ರಾತ್ರಿಯ ಹೊತ್ತು ಅಂತರಜಾಲದ ಮೂಲಕ ಹೊಸ ಪಾಠಗಳನ್ನು ಕಲಿಯುವುದು ಈಗ ಸಾಧ್ಯವಾಗಿರುವುದಷ್ಟೆ. 2017ರಲ್ಲಿ ಆರಂಭವಾದ ‘ಸ್ವಯಂ’ ಇದಕ್ಕೆ ದೊಡ್ಡ ಅನುಕೂಲವೇ ಸರಿ. ಆದರೆ ಸಾವಯವ ಇಂಗಾಲವನ್ನು ಅಳೆಯುವ, 1934ರಿಂದ ಬಂದಿರುವ ವಾಕ್ಲಿ–ಬ್ಲ್ಯಾಕ್ ವಿಧಾನದಲ್ಲಿ, ಡೈಫಿನೈಲಮಿನ್ ಹಾಕಿದ ದ್ರವವು ನೀಲಿನೇರಳೆಯಿಂದ ಹಸುರಿಗೆ ತಿರುಗಿದ ಗಳಿಗೆಯಲ್ಲಿಯೇ ಬ್ಯೂರೆಟ್ಟನ್ನು ನಿಲ್ಲಿಸಬೇಕು. ಕೆಲವು ತೊಟ್ಟು ಹೆಚ್ಚಾದರೆ ಇಂಗಾಲವು ಇರುವುದಕ್ಕಿಂತ ಕಡಮೆಯೆಂದು ತೋರುವುದು; ರೈತನು ಬೇಡದ ಗೊಬ್ಬರಕ್ಕೆ ಹಣ ಸುರಿಯುವನು. ಈ ಕಣ್ಣಳತೆಯನ್ನು ಪರದೆಯು ಕಲಿಸಲಾರದು. ಆದುದರಿಂದ ಪ್ರಮಾಣಪತ್ರ ಕೊಡುವ ಮುನ್ನ, ಇಂಗಾಲದ ಅಂಶ ಮೊದಲೇ ಗೊತ್ತಿರುವ ಮಣ್ಣೊಂದನ್ನು, ಆ ಅಂಶವನ್ನು ತಿಳಿಸದೆ, ಕಲಿತವರ ಕೈಯಿಂದ ಪರೀಕ್ಷೆ ಮಾಡಿಸತಕ್ಕದ್ದು. ಹಿಡಿಯಷ್ಟು ಮಣ್ಣು ಅಂಚೆಯಲ್ಲಿ ಬಂದರೂ ಸಾಕು.