ಗಾಳಿ ಕೆಡವುತ್ತೆ ಸರಿ, ಏಳೋಕೆ ಬಿಡದವರು ಯಾರು?

ಸ್ವಲ್ಪ ಉದ್ದ ಬರಹ. ಬಿಡುವು ಮಾಡಿಕೊಂಡು ಪೂರ್ತಿ ಓದಿ.

ಕೆರಿಬಿಯನ್ ಕಡಲಲ್ಲಿ ಹರಿಕೇನ್ ಎದ್ದಾಗಲೆಲ್ಲ ಇಲ್ಲಿ ಎರಡು ಮಾತು ಹರಿದಾಡುತ್ತವೆ. ಒಂದು, "ಪ್ರಕೃತಿ ಮುಂದೆ ಎಲ್ಲರೂ ಸಮಾನರು, ಬಿರುಗಾಳಿಗೆ ಜಾತಿ ಇಲ್ಲ, ಬಣ್ಣ ಇಲ್ಲ." ಇನ್ನೊಂದು, "ಅಯ್ಯೋ, ಎಂಥ ಚಂದದ ದ್ವೀಪ, ಎಂಥ ಚಂದದ ಹವಳ, ಎಲ್ಲಾ ಹಾಳಾಯ್ತಲ್ಲ." ಹೇಳೋರು ಕೆಟ್ಟವರೇನಲ್ಲ. ಆದ್ರೆ ಈ ಎರಡೂ ಮಾತಿನಲ್ಲಿ ಆ ದ್ವೀಪದ ಮನುಷ್ಯರು ಎಲ್ಲಿದ್ದಾರೆ ಅಂತ ಹುಡುಕಿ ನೋಡಿ. ಸಿಗಲ್ಲ.

"ದಲಿತ ಹೋರಾಟದವನಿಗೆ ಕೆರಿಬಿಯನ್ ಉಸಾಬರಿ ಯಾಕೆ" ಅಂತ ಕೇಳೋರಿಗೆ ಮೊದಲೇ ಹೇಳಿಬಿಡ್ತೀನಿ. 1946ರಲ್ಲಿ ಬಾಬಾಸಾಹೇಬರು ಅಮೆರಿಕದ ಕಪ್ಪು ಚಿಂತಕ ಡುಬಾಯ್ಸ್ ಅವರಿಗೆ ಪತ್ರ ಬರೆದು, ಕಪ್ಪು ಜನ ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿ ಕೇಳಿದ್ದರು. ಅಸ್ಪೃಶ್ಯರ ಪಾಡಿಗೂ ಅವರ ಪಾಡಿಗೂ ಇರುವ ಹೋಲಿಕೆಯನ್ನು ಅವತ್ತೇ ಗುರುತಿಸಿದ್ದರು. ಆ ಡುಬಾಯ್ಸ್ ಅವರ ಅಪ್ಪ ಹುಟ್ಟಿದ್ದು ಹೈಟಿಯಲ್ಲಿ, ತಾತ ಹುಟ್ಟಿದ್ದು ಬಹಾಮಾಸ್‌ನಲ್ಲಿ. ಹಾಗಾಗಿ ಇದು ನಮಗೆ ದೂರದ ಕಥೆ ಅಲ್ಲ. ನೆಂಟರ ಮನೆ ಸುದ್ದಿ.

ಹವಳದಿಂದಲೇ ಶುರು ಮಾಡೋಣ. ಹವಳದ ದಿಬ್ಬ ಬರೀ ಕಲ್ಲಲ್ಲ. ಕೋಟ್ಯಂತರ ಸಣ್ಣ ಜೀವಿಗಳು ಸಾವಿರಾರು ವರ್ಷ ಸುಣ್ಣ ಕಟ್ಟಿ ಎಬ್ಬಿಸಿದ ಗೋಡೆ. 2014ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಪ್ರಕಾರ, ದಡಕ್ಕೆ ಬರುವ ಅಲೆಗಳ ಶಕ್ತಿಯಲ್ಲಿ ಸರಾಸರಿ ಶೇ. 97ರಷ್ಟನ್ನು ಈ ದಿಬ್ಬಗಳೇ ನುಂಗುತ್ತವೆ. ಅಂದ್ರೆ ದ್ವೀಪದ ಬಡವನ ಗುಡಿಸಲಿಗೆ ಮೊದಲ ಗೋಡೆ ಇರೋದು ನೀರಿನೊಳಗೆ.

ಹರಿಕೇನ್ ಈ ಗೋಡೆಯನ್ನು ಮುರಿಯುತ್ತೆ. ಅದು ಹೊಸದಲ್ಲ. ಲಕ್ಷಾಂತರ ವರ್ಷದಿಂದ ಮುರೀತಾ ಬಂದಿದೆ, ಹವಳ ಮತ್ತೆ ಬೆಳೀತಾನೂ ಬಂದಿದೆ. ಕಡವೆ ಕೊಂಬಿನ ಹಾಗೆ ಕವಲೊಡೆಯುವ ಎಲ್ಕ್‌ಹಾರ್ನ್ ಹವಳದ ತುಂಡು ಮುರಿದು ಬಿದ್ದರೆ, ಬಿದ್ದಲ್ಲೇ ಅಂಟಿಕೊಂಡು ಹೊಸದಾಗಿ ಚಿಗುರಬಲ್ಲದು.

ಹಾಗಾದ್ರೆ ಜಮೈಕಾದಲ್ಲಿ ಏನಾಯ್ತು? 1980ರಲ್ಲಿ ಅಲೆನ್ ಹರಿಕೇನ್ ಅಲ್ಲಿನ ಹವಳವನ್ನು ಪುಡಿಗಟ್ಟಿತು. ಆಮೇಲೆ ಹವಳ ನಿಧಾನಕ್ಕೆ ಚೇತರಿಸಿಕೊಳ್ತಾ ಇತ್ತು. ಆದ್ರೆ ಪಾಚಿ ಮೇಯುವ ಮೀನುಗಳನ್ನು ಅಷ್ಟರಲ್ಲಾಗಲೇ ಹಿಡಿದು ಖಾಲಿ ಮಾಡಲಾಗಿತ್ತು. ಪಾಚಿ ತಿನ್ನಲು ಉಳಿದಿದ್ದ ಉದ್ದ ಮುಳ್ಳಿನ ಸೀ ಅರ್ಚಿನ್‌ಗಳೂ 1983ರಲ್ಲಿ ರೋಗ ಬಂದು ಸತ್ತವು. ಪಾಚಿ ಹಬ್ಬಿತು, ಮರಿ ಹವಳಕ್ಕೆ ಅಂಟಿಕೊಳ್ಳಲು ಜಾಗವೇ ಇಲ್ಲದಾಯ್ತು. 1970ರ ದಶಕದ ಕೊನೆಯಲ್ಲಿ ತಳದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಆವರಿಸಿದ್ದ ಹವಳ 90ರ ದಶಕದ ಹೊತ್ತಿಗೆ ಶೇ. 5ಕ್ಕಿಂತ ಕೆಳಗಿಳಿಯಿತು.

ನನ್ನ ಮಾತು ಇಷ್ಟೇ. ಬಿರುಗಾಳಿ ಕೆಡವುತ್ತೆ, ಸರಿ. ಬಿದ್ದದ್ದು ಮತ್ತೆ ಏಳದ ಹಾಗೆ ಮಾಡೋದು ಬೇರೆ ಯಾವುದೋ. ಹವಳಕ್ಕೆ ಇದು ನಿಜವಾದರೆ ಮನುಷ್ಯರಿಗೆ ಇನ್ನೂ ನಿಜ.

ಬಾರ್ಬುಡಾ ನೋಡಿ. ಆಂಟಿಗುವಾ ಜೊತೆ ಸೇರಿ ಒಂದು ದೇಶ. ಜನಸಂಖ್ಯೆ ಸುಮಾರು 1,800. ನಮ್ಮ ಒಂದು ಸಾಧಾರಣ ಹಳ್ಳಿಯಷ್ಟು. 1685ರಿಂದ ಕಾಡ್ರಿಂಗ್ಟನ್ ಅನ್ನೋ ಇಂಗ್ಲಿಷ್ ಮನೆತನ ಇಡೀ ದ್ವೀಪವನ್ನು ಗುತ್ತಿಗೆಗೆ ಪಡೆದು ಆಫ್ರಿಕಾದಿಂದ ತಂದ ಗುಲಾಮರಿಂದ ದುಡಿಸಿತು. 1834ರಲ್ಲಿ ಗುಲಾಮಗಿರಿ ಮುಗೀತು. ಆಗ ಬ್ರಿಟನ್ ಸಾಮ್ರಾಜ್ಯದುದ್ದಕ್ಕೂ ಪರಿಹಾರ ಅಂತ 2 ಕೋಟಿ ಪೌಂಡ್ ತೆಗೆದಿಟ್ಟಿತು. ಯಾರಿಗೆ? ಗುಲಾಮರಿಗಲ್ಲ ಸ್ವಾಮಿ, ಗುಲಾಮರ ಮಾಲೀಕರಿಗೆ! ಅದಕ್ಕಾಗಿ ಮಾಡಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ. ದುಡಿದವರಿಗೆ ಒಂದು ಪೈಸೆಯೂ ಸಿಗಲಿಲ್ಲ.

ಬಾರ್ಬುಡಾದ ಜನಕ್ಕೆ ಸಿಕ್ಕಿದ್ದು ಒಂದೇ, ನೆಲ. ಅದನ್ನು ಅವರು ಗೇಣು ಗೇಣು ಹಂಚಿಕೊಳ್ಳಲಿಲ್ಲ. ಊರೊಟ್ಟಿನ ಸೊತ್ತಾಗಿ ಉಳಿಸಿಕೊಂಡರು. ಮನೆ ಕಟ್ಟಲು, ಬೇಸಾಯ ಮಾಡಲು ಪ್ರತಿ ಬಾರ್ಬುಡನ್‌ಗೆ ಜಾಗ ಇತ್ತು, ಮಾರೋಕೆ ಯಾರಿಗೂ ಹಕ್ಕಿರಲಿಲ್ಲ. 2007ರ ಬಾರ್ಬುಡಾ ಭೂ ಕಾಯ್ದೆ ಈ ಪದ್ಧತಿಯನ್ನೇ ಕಾನೂನು ಮಾಡಿತು. ದೊಡ್ಡ ಯೋಜನೆ ಬಂದರೆ ಜನರ ಒಪ್ಪಿಗೆ ಬೇಕು ಅಂತಾಯ್ತು.

ಹವಳವನ್ನು ಉಳಿಸೋಕೆ ಹೊರಟವರೂ ಇದೇ ಜನ. 2014ರಲ್ಲಿ ಬಾರ್ಬುಡಾ ಕೌನ್ಸಿಲ್ ತನ್ನ ಕರಾವಳಿ ನೀರಿನ ಮೂರನೇ ಒಂದು ಭಾಗವನ್ನು ಮೀಸಲು ಪ್ರದೇಶ ಮಾಡಿತು. ಪಾಚಿ ಮೇಯುವ ಗಿಳಿಮೀನು, ಸೀ ಅರ್ಚಿನ್ ಹಿಡಿಯೋದನ್ನು ನಿಷೇಧಿಸಿತು. ಜಮೈಕಾದಲ್ಲಿ ಏನು ತಪ್ಪಾಗಿತ್ತೋ ಅದಕ್ಕೆ ಸರಿಯಾದ ಮದ್ದು. ಮೀನು ತಿಂದು ಬದುಕೋ ಬಡ ಮೀನುಗಾರರ ದ್ವೀಪ ಈ ನಿರ್ಬಂಧ ಹಾಕಿಕೊಂಡಿತು ನೋಡಿ. "ಬಡವರಿಗೆ ಪರಿಸರ ಪ್ರಜ್ಞೆ ಇಲ್ಲ" ಅಂತ ಭಾಷಣ ಬಿಗಿಯೋರು ಇದನ್ನು ಬರೆದಿಟ್ಟುಕೊಳ್ಳಲಿ.

2017ರ ಸೆಪ್ಟೆಂಬರ್ 6ರ ಬೆಳಗಿನ ಜಾವ ಇರ್ಮಾ ಬಂತು. ಐದನೇ ದರ್ಜೆಯ ಹರಿಕೇನ್. ಗಾಳಿಯ ವೇಗ ಗಂಟೆಗೆ 280 ಕಿ.ಮೀ. ಮೀರಿತ್ತು. ಒಂದು ಪುಟ್ಟ ಮಗು ತೀರಿಹೋಯ್ತು. ಬಹುತೇಕ ಎಲ್ಲಾ ಮನೆಗಳಿಗೂ ಪೆಟ್ಟು ಬಿತ್ತು. ಹಿಂದೆಯೇ ಹೋಸೆ ಅನ್ನೋ ಇನ್ನೊಂದು ಹರಿಕೇನ್ ಬರ್ತಿದೆ ಅಂತ ಇಡೀ ದ್ವೀಪವನ್ನು ಖಾಲಿ ಮಾಡಿಸಿ ಜನರನ್ನು ಆಂಟಿಗುವಾಕ್ಕೆ ಸಾಗಿಸಿದರು. ಅಲ್ಲಿವರೆಗೆ ನ್ಯಾಯವೇ. ಜೀವ ಮುಖ್ಯ.

ಮುಂದಿನದು ಕೇಳಿ. ಹೆಚ್ಚಿನ ಜನ ಇನ್ನೂ ಆಂಟಿಗುವಾದ ಶಿಬಿರಗಳಲ್ಲಿ, ನೆಂಟರ ಮನೆಗಳಲ್ಲಿ ಇರುವಾಗಲೇ ಬಾರ್ಬುಡಾದಲ್ಲಿ ಹೊಸ ವಿಮಾನ ನಿಲ್ದಾಣಕ್ಕಾಗಿ ಕಾಡು ಕಡಿದು ನೆಲ ಸಮ ಮಾಡೋ ಯಂತ್ರಗಳು ಓಡಾಡಿದವು. ಮನೆ ಕಟ್ಟಿಕೊಡೋದಕ್ಕಿಂತ ಮೊದಲು ರನ್‌ವೇ! ಒಂದು ಡಾಲರ್ ಕೊಟ್ಟು ನಿಮ್ಮ ನಿವೇಶನ ನೀವೇ ಖಾಯಂ ಮಾಡಿಕೊಳ್ಳಿ ಅಂತ ಪ್ರಧಾನಿ ಗ್ಯಾಸ್ಟನ್ ಬ್ರೌನ್ ಅವರ ಸರ್ಕಾರ ಆಸೆ ಹುಟ್ಟಿಸಿತು. ಭೂ ಕಾಯ್ದೆಗೆ ತಿದ್ದುಪಡಿ ತಂದರು, ಆಮೇಲೆ ರದ್ದೇ ಮಾಡಿದರು. ಹಾಲಿವುಡ್ ನಟ ರಾಬರ್ಟ್ ಡಿ ನೀರೊ ಪಾಲುದಾರರಾಗಿರುವ ರೆಸಾರ್ಟ್ ಒಂದಕ್ಕಾಗಿ ಭೂ ಕಾಯ್ದೆಯಿಂದ ವಿನಾಯಿತಿ ಕೊಡುವ ಪ್ರತ್ಯೇಕ ಕಾನೂನು 2015ರಲ್ಲೇ ಆಗಿತ್ತು. ಇರ್ಮಾ ಬಂದು ಬಾಗಿಲನ್ನೇ ತೆಗೆದುಕೊಟ್ಟಿತು. ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂದು ರಾಮ್ಸರ್ ಪಟ್ಟಿಯಲ್ಲಿರುವ ಕಾಡ್ರಿಂಗ್ಟನ್ ಲಗೂನಿನ ಬಳಿ ಈಗ ಶ್ರೀಮಂತರ ಬಂಗಲೆ, ಗಾಲ್ಫ್ ಮೈದಾನ.

ಒಂದು ಡಾಲರಿಗೆ ಮಾಲೀಕತ್ವ ಅಂದ್ರೆ ಖುಷಿ ಪಡೋ ವಿಷಯ ತಾನೇ ಅಂತೀರಾ? ನಮ್ಮ ಪಿಟಿಸಿಎಲ್ ಕಾಯ್ದೆ ನೆನಪು ಮಾಡಿಕೊಳ್ಳಿ. 1978ರಲ್ಲಿ ಕರ್ನಾಟಕ ಆ ಕಾಯ್ದೆ ತಂದದ್ದು ಯಾಕೆ? ದಲಿತರಿಗೆ ಮಂಜೂರಾದ ಜಮೀನು ಮಗಳ ಮದುವೆ, ಆಸ್ಪತ್ರೆ ಸಾಲ ಅಂತ ಮೂರು ಕಾಸಿಗೆ ಗೌಡರ ಕೈಗೆ ಹೋಗ್ತಿತ್ತು, ಅದಕ್ಕೆ. ಕೈಯಲ್ಲಿ ಕಾಸಿಲ್ಲದವನಿಗೆ, ಮನೆ ಕಳಕೊಂಡು ಶಿಬಿರದಲ್ಲಿ ಕೂತವನಿಗೆ, ಮಾರುವ ಹಕ್ಕು ಅಂದ್ರೆ ನೆಲ ಕಳಕೊಳ್ಳುವ ಹಕ್ಕು. ಇದನ್ನು ನಮಗೆ ಯಾರೂ ಪಾಠ ಮಾಡಬೇಕಾಗಿಲ್ಲ.

ಬಾರ್ಬುಡಾದವರು ಸುಮ್ಮನೆ ಕೂರಲಿಲ್ಲ. ಕೋರ್ಟಿಗೆ ಹೋದರು. ಅವರ ಅಂತಿಮ ನ್ಯಾಯಾಲಯ ಇವತ್ತಿಗೂ ಲಂಡನ್ನಿನ ಪ್ರಿವಿ ಕೌನ್ಸಿಲ್. 2022ರಲ್ಲಿ ಅದು ಭೂ ಕಾಯ್ದೆ ರದ್ದತಿ ಪ್ರಶ್ನಿಸಿದ ಮೊಕದ್ದಮೆಯಲ್ಲಿ ಜನರ ವಿರುದ್ಧ ತೀರ್ಪು ಕೊಟ್ಟಿತು. ಗುಲಾಮರ ಮಾಲೀಕರಿಗೆ ಪರಿಹಾರ ಕೊಟ್ಟ ಅದೇ ಲಂಡನ್! ಆದರೂ ಬಿಡಲಿಲ್ಲ. ಸಮುದ್ರ ಜೀವಶಾಸ್ತ್ರಜ್ಞ ಜಾನ್ ಮಸ್ಸಿಂಗ್ಟನ್ ಮತ್ತು ಶಿಕ್ಷಕಿಯಾಗಿದ್ದ ಜಾಕ್ಲಿನ್ ಫ್ರಾಂಕ್ ವಿಮಾನ ನಿಲ್ದಾಣದ ಅನುಮತಿಯನ್ನು ಪ್ರಶ್ನಿಸಿದ್ದರು. "ಕೇಳೋಕೆ ನೀವು ಯಾರು" ಎಂಬ ತಕರಾರು ಬಂತು. ಕೇಳುವ ಹಕ್ಕು ಇವರಿಗಿದೆ ಅಂತ 2024ರಲ್ಲಿ ಪ್ರಿವಿ ಕೌನ್ಸಿಲೇ ಹೇಳಬೇಕಾಯ್ತು. ತಮ್ಮ ಊರಿನ ಬಗ್ಗೆ ಬಾಯಿ ತೆರೆಯುವ ಹಕ್ಕಿಗೇ ಆರೇಳು ವರ್ಷ.

ಈಗ ಬಹಾಮಾಸ್‌ಗೆ ಬನ್ನಿ. 2019ರ ಸೆಪ್ಟೆಂಬರ್ 1ರಂದು ಡೋರಿಯನ್ ಅಪ್ಪಳಿಸಿತು. ಗಂಟೆಗೆ 295 ಕಿ.ಮೀ. ಗಾಳಿ. ಅಬಾಕೊ ದ್ವೀಪದ ಮಾರ್ಷ್ ಹಾರ್ಬರ್ ಪಟ್ಟಣದ ಪಕ್ಕದಲ್ಲಿ ಒಂದು ಕೊಳೆಗೇರಿ ಇತ್ತು. ಹೆಸರು "ಮಡ್". ಅಂದ್ರೆ ಕೆಸರು. ತಗ್ಗು ನೆಲ, ಹಲಗೆಯ ಮನೆಗಳು. ಅಲ್ಲಿದ್ದವರು ಹೆಚ್ಚಾಗಿ ಹೈಟಿಯಿಂದ ಬಂದ ಕೂಲಿಗಳು ಮತ್ತು ಅವರ ಮಕ್ಕಳು. ಪ್ರವಾಸಿಗರ ಬಂಗಲೆ ಕಟ್ಟಿದವರು, ತೋಟ ನೋಡಿಕೊಂಡವರು, ಕೊಠಡಿ ಗುಡಿಸಿದವರು. ಊರಿನ ನೀರೆಲ್ಲ ಹರಿದು ಬಂದು ನಿಲ್ಲುವ ತಗ್ಗಿನಲ್ಲೇ ದುಡಿಯುವವರ ಕೇರಿ ಯಾಕಿರುತ್ತೆ ಅನ್ನೋದು ನಮಗೆ ಗೊತ್ತಿಲ್ವಾ?

ಮಡ್ ನಾಮಾವಶೇಷ ಆಯ್ತು. ಸರ್ಕಾರಿ ಲೆಕ್ಕದಲ್ಲಿ ಇಡೀ ದೇಶದಲ್ಲಿ ಸತ್ತವರು 70ಕ್ಕೂ ಸ್ವಲ್ಪ ಹೆಚ್ಚು. ನಾಪತ್ತೆಯಾದವರು 200ಕ್ಕೂ ಹೆಚ್ಚು. ಬಹಾಮಾಸ್‌ನಲ್ಲಿ ಹುಟ್ಟಿದರೂ ತಂದೆ ತಾಯಿ ವಿದೇಶಿಯರಾದರೆ ಪೌರತ್ವ ತಾನಾಗಿ ಸಿಗಲ್ಲ, 18 ತುಂಬಿದ ಮೇಲೆ ಅರ್ಜಿ ಹಾಕಬೇಕು. ಕಾಗದ ಇಲ್ಲದವರು ಗಡೀಪಾರಿನ ಭಯಕ್ಕೆ ಸರ್ಕಾರದ ಶಿಬಿರಕ್ಕೆ ಹೋಗೋಕೂ ಹೆದರಿದರು. ಭಯ ಸುಳ್ಳಾಗಲಿಲ್ಲ. ಕೆಲವೇ ವಾರಗಳಲ್ಲಿ ಹೈಟಿಯವರ ಗಡೀಪಾರು ಮತ್ತೆ ಶುರುವಾಯ್ತು, ವಿಶ್ವಸಂಸ್ಥೆ ಆಕ್ಷೇಪಿಸಬೇಕಾಯ್ತು. ಕೊಳೆಗೇರಿ ಇದ್ದ ಜಾಗದಲ್ಲಿ ಮತ್ತೆ ಮನೆ ಕಟ್ಟಕೂಡದು ಅಂತ ಆದೇಶವೂ ಬಂತು.

ನಾನು ಆಫೀಸಿನಲ್ಲಿ ಗುಮಾಸ್ತ. ಕಾಲಂ ತುಂಬೋದೇ ನನ್ನ ಕಸುಬು. ಒಂದು ಮಾತು ಅನುಭವದಿಂದ ಹೇಳ್ತೀನಿ: ಸರ್ಕಾರಿ ಲೆಕ್ಕದಲ್ಲಿ ಬದುಕಿದ್ದಾಗ ಹೆಸರಿಲ್ಲದವರು ಸತ್ತ ಮೇಲೂ ಲೆಕ್ಕಕ್ಕೆ ಬರಲ್ಲ. ಪೋರ್ಟೊರಿಕೊದಲ್ಲಿ ಕಾಗದ ಇದ್ದವರಿಗೇ ಈ ಗತಿ ಆಯ್ತು. 2017ರ ಮರಿಯಾ ಹರಿಕೇನಿನಲ್ಲಿ ಸತ್ತವರು 64 ಜನ ಅಂತ ಸರ್ಕಾರ ತಿಂಗಳುಗಟ್ಟಲೆ ಹೇಳ್ತಾ ಬಂತು. ಕರೆಂಟಿಲ್ಲದೆ, ಔಷಧಿ ಇಲ್ಲದೆ ಸತ್ತವರನ್ನೂ ಸೇರಿಸಿ ವಿಶ್ವವಿದ್ಯಾಲಯವೊಂದು ಅಂದಾಜಿಸಿದ ಮೇಲೆ ಅದೇ ಸರ್ಕಾರ ಒಪ್ಪಿಕೊಂಡ ಸಂಖ್ಯೆ 2,975.

ಇನ್ನೊಂದು ಕಡೆ ನೋಡಿ. ಮೆಕ್ಸಿಕೊದ ಕಾಂಕುನ್ ಕರಾವಳಿಯಲ್ಲಿ, ಹೋಟೆಲುಗಳ ಸಾಲಿನೆದುರು ಇರುವ ಹವಳಕ್ಕೆ 2019ರಲ್ಲಿ ವಿಮೆ ಮಾಡಿಸಿದರು. ಗಾಳಿ ಇಷ್ಟು ವೇಗ ದಾಟಿದರೆ ಸಾಕು, ದುಡ್ಡು ಬರುತ್ತೆ. 2020ರಲ್ಲಿ ಡೆಲ್ಟಾ ಹರಿಕೇನ್ ಬಂದಾಗ ಸುಮಾರು 8 ಲಕ್ಷ ಡಾಲರ್ ಬಂತು. ಮುಳುಗುಗಾರರು ಇಳಿದು ಮುರಿದ ಹವಳವನ್ನು ಮತ್ತೆ ಅಂಟಿಸಿದರು. ನಾನು ಇದನ್ನು ವಿರೋಧಿಸ್ತಿಲ್ಲ. ಒಳ್ಳೇ ಕೆಲಸ. ಸಾಕ್ಷಿ ಕೇಳದೆ, ದಾಖಲೆ ಕೇಳದೆ, ಗಾಳಿ ಬೀಸಿದ್ದೇ ಸಾಕ್ಷಿ ಅಂತ ದುಡ್ಡು ಕೊಡಬಹುದು ಅಂತ ತೋರಿಸಿಕೊಟ್ಟಿತಲ್ಲ. ಹಾಗಾದ್ರೆ ಮಡ್ ಕೊಳೆಗೇರಿಯ ಹೆಂಗಸಿಗೆ ಅದೇ ನಿಯಮ ಯಾಕಿಲ್ಲ? ಕೆರಿಬಿಯನ್ ಸರ್ಕಾರಗಳಿಗೂ 2007ರಿಂದ ಇಂಥ ವಿಮೆ ಇದೆ. ದುಡ್ಡು ಸರ್ಕಾರದ ಖಜಾನೆಗೆ ಬರುತ್ತೆ. ಅಲ್ಲಿಂದ ಕೇರಿಗೆ ಇಳಿಯೋ ದಾರಿ ಎಷ್ಟು ಉದ್ದ ಅಂತ ನಿಮಗೆ ನಾನು ಹೇಳಬೇಕಾ?

ಈ ಗಾಳಿಗೆ ಇಷ್ಟು ಸೊಕ್ಕು ಬಂದದ್ದಾದರೂ ಎಲ್ಲಿಂದ? ಬಿಸಿ ಸಮುದ್ರದಿಂದ. ಹರಿಕೇನಿಗೆ ಉಣ್ಣಿಸೋದೂ ಅದೇ ಬಿಸಿ, ಹವಳವನ್ನು ಬಿಳಿಚಿಸಿ ಕೊಲ್ಲೋದೂ ಅದೇ ಬಿಸಿ. 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಜಗತ್ತಿನ ನಾಲ್ಕನೇ ಮಹಾ ಹವಳ ಬಿಳಿಚುವಿಕೆ ಘೋಷಿಸಿದರು. ಅದೇ ಜುಲೈ 1ರಂದು ಬೆರಿಲ್ ಬಂದು ಗ್ರೆನಡಾದ ಕಾರಿಯಾಕು ದ್ವೀಪವನ್ನು ನೆಲಸಮ ಮಾಡಿತು. ಅಷ್ಟು ಬೇಗ ಐದನೇ ದರ್ಜೆಗೇರಿದ ಹರಿಕೇನ್ ಅಟ್ಲಾಂಟಿಕ್‌ನ ದಾಖಲೆಯಲ್ಲೇ ಇರಲಿಲ್ಲ. ಜಗತ್ತಿನ ಹೊಗೆಯಲ್ಲಿ ಸಣ್ಣ ದ್ವೀಪ ದೇಶಗಳೆಲ್ಲದರ ಪಾಲು ಶೇ. 1ರಷ್ಟೂ ಇಲ್ಲ. ನಮಗಾಗುವ ನಷ್ಟಕ್ಕೆ ಹೊಗೆ ಬಿಟ್ಟವರು ಹಣ ಕೊಡಲಿ ಅಂತ ದ್ವೀಪ ದೇಶಗಳು ಕೇಳಿದ್ದು 1991ರಲ್ಲಿ. ಅಂಥ ನಿಧಿಗೆ ಒಪ್ಪಿಗೆ ಸಿಕ್ಕಿದ್ದು 2022ರಲ್ಲಿ. 31 ವರ್ಷ! ಮಾಲೀಕರಿಗೆ ಪರಿಹಾರ ಕೊಡುವಾಗ ಇಷ್ಟು ತಡ ಆಗಿರಲಿಲ್ಲ.

"ಬಿರುಗಾಳಿಗೆ ಜಾತಿ ಇಲ್ಲ" ಅನ್ನೋ ಗೆಳೆಯರಿಗೆ ಕೊನೆಯದಾಗಿ ಒಂದು ಮಾತು. 2004ರ ಸುನಾಮಿಗೂ ಜಾತಿ ಇರಲಿಲ್ಲ. ಆದರೆ ನಾಗಪಟ್ಟಿಣದಲ್ಲಿ ದಲಿತರನ್ನು ಪರಿಹಾರ ಶಿಬಿರದಿಂದ ಹೊರಗಿಟ್ಟಿದ್ದು ಸಮುದ್ರವಲ್ಲ. ಕೊಳೆತ ಹೆಣ ಎತ್ತೋಕೆ ದಲಿತ ಪೌರಕಾರ್ಮಿಕರನ್ನೇ ಕರೆತಂದದ್ದು ಅಲೆಯಲ್ಲ.

ಹಾಗಾಗಿ ಮುಂದಿನ ಹರಿಕೇನ್ ಸುದ್ದಿ ಬಂದಾಗ ಗಾಳಿಯ ವೇಗ ಎಷ್ಟು ಅಂತ ಕೇಳಿ ಸುಮ್ಮನಾಗಬೇಡಿ. ತಗ್ಗಿನಲ್ಲಿ ಯಾರಿದ್ದರು? ಸತ್ತವರ ಪಟ್ಟಿ ಬರೆದವರು ಯಾರು, ಅದರಲ್ಲಿ ಯಾರ ಹೆಸರಿಲ್ಲ? ಜನ ಶಿಬಿರದಲ್ಲಿರುವಾಗ ಅವರ ನೆಲದ ಮೇಲೆ ಯಾರ ಯಂತ್ರ ಓಡಾಡ್ತಿದೆ? ಈ ಮೂರು ಪ್ರಶ್ನೆ ಕೇಳಿ. ಹವಳ ಉಳಿಸಿ ಅನ್ನೋ ಪರಿಸರವಾದಿ ಗೆಳೆಯರೂ ಕೇಳಬೇಕು. ಬಾರ್ಬುಡಾದಲ್ಲಿ ಹವಳಕ್ಕೆ ಕಾವಲು ನಿಂತಿದ್ದು ಅಲ್ಲಿನ ಜನ, ರೆಸಾರ್ಟ್ ಅಲ್ಲ. ಆ ಜನರನ್ನು ಎಬ್ಬಿಸಿ ಕಳಿಸಿದ ಮೇಲೆ ಹವಳಕ್ಕೆ ಯಾರ ಕಾವಲು?

ಒಪ್ಪಿಗೆಯಾದರೆ ಹಂಚಿಕೊಳ್ಳಿ. ತಕರಾರಿದ್ದರೆ ಕೆಳಗೆ ಬರೆಯಿರಿ, ಉತ್ತರ ಕೊಡ್ತೀನಿ.

ಜೈಭೀಮ್.